ಉಸಿರು ನೆಲಕ್ಕೆ ಬೀಳಬಾರದು

ಗಜೇಂದ್ರಗಡ

ಮೊದಲಿಗೇ ಹೇಳಿಬಿಡುತ್ತೇನೆ, ನಾವು ಹೋದ ದೇಶದ ಹೆಸರನ್ನು ನಾನು ಬರೆಯುವುದಿಲ್ಲ. ಯುರೋಪಿನ ಮೂಡಣ ಮಗ್ಗುಲಿಗಿದೆ, ಚಳಿ ವಿಪರೀತ, ಬ್ರೆಡ್ಡು ಕಪ್ಪಗೆ, ಹುಳಿ. ಇಷ್ಟು ಸಾಕು. ಭೂಪಟ ಹಿಡಿದು ಹುಡುಕುತ್ತ ಕೂಡಬೇಡಿರಿ. ಅಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ಇದ್ದಾಳೆ ಎಂದೇ ನಂಬಿದ್ದೇನೆ. ನನ್ನ ಬರಹದಿಂದ ಅವಳ ಕೂದಲು ಕೊಂಕಿದರೂ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನಾನು ರೋಣದ ಒಂದು ದವಾಖಾನೆಯಲ್ಲಿ ಕಂಪೌಂಡರ್. ಹುಟ್ಟೂರು ಗಜೇಂದ್ರಗಡ. ಅಂಜುಬುರುಕ. ಬಸ್ಸು ಹತ್ತುವ ಮುಂಚೆ ಡ್ರೈವರನ ಕಣ್ಣು ಕೆಂಪಗಿವೆಯೇ ಎಂದು ನೋಡುವವನು. ಇಂಥವನಿಗೆ ಪರದೇಶ ಯೋಗ ಬಂದದ್ದು ಗೀಗೀ ಪದದಿಂದ. ರಾಜೂರಿನ ಫಕೀರಪ್ಪ ಕಾಕಾ ನಮ್ಮ ಮೇಳದ ಮುಂದಾಳು. ದಪ್ಪು ಬಡಿಯುತ್ತ ಅವನು ಪದ ಎತ್ತಿದರೆ ಸಂತೆಗೆ ಬಂದವರು ಎತ್ತು ಮಾರುವುದನ್ನು ಮರೆಯುತ್ತಿದ್ದರು. ನಾನು ಅವನ ಹಿಂದೆ ತುಂತುಣಿ ಮೀಟುವ ಹಿಮ್ಮೇಳದವ.

ಹಿಮ್ಮೇಳದವನ ಕೆಲಸ ನೋಡುವವರಿಗೆ ಹಗುರ. ಮುಂದಿನವನು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಹಿಂದಿನವನು 'ಗೀ... ಗೀ ಗೀ' ಎಂದು ಆ ಸಾಲನ್ನು ಎತ್ತಿ ಹಿಡಿಯಬೇಕು. ಹಳಬರು ಅದನ್ನು 'ಹೌದ್ರೀ, ಖರೇ ಐತ್ರೀ' ಎಂದು ಒಪ್ಪಿಕೊಂಡಂತೆ ಎನ್ನುತ್ತಾರೆ. ಕಾಕಾ ನನಗೆ ಕಲಿಸಿದ್ದು ಒಂದೇ ಪಾಠ.

"ನೋಡೋ ತಮ್ಮಾ, ಮುಂದಿನಾಂವನ ಉಸರ ನೆಲಕ್ಕ ಬೀಳಬಾರದು. ಬಿದ್ರ ಹಾಡ ಸತ್ತಂಗ. ಪದದಾಗ ತಪ್ಪಿರಲಿ, ಸುಳ್ಳಿರಲಿ, ಅದು ನನ್ನ ಪಾಪ. ನೀ ಎತ್ತಿ ಹಿಡೀಬೇಕು, ಅಷ್ಟ."

ಹತ್ತಾರು ವರ್ಷ ಹಾಗೆ ಎತ್ತಿ ಹಿಡಿದು ಹಿಡಿದು ಅದು ನನಗೆ ಸೀನು ಬಂದಂತೆ ಆಗಿಹೋಗಿದೆ. ಪುರಾಣ ಹೇಳುವ ಶಾಸ್ತ್ರಿಗಳು ಒಂದು ಗಳಿಗೆ ನಿಂತರೂ ನನ್ನ ಗಂಟಲು ತುರಿಸುತ್ತದೆ. ನನ್ನ ಹೆಂಡತಿ ಬೈಯುತ್ತ ಬೈಯುತ್ತ ಉಸಿರು ಎಳೆದುಕೊಂಡಾಗ 'ಗೀ' ಎಂದು ಎರಡು ಸಲ ಏಟು ತಿನ್ನುವ ಹಂತಕ್ಕೆ ಬಂದಿದ್ದೇನೆ.

ನಮ್ಮ ಜಿಲ್ಲೆ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದ ಕಾಲ ಅದು. ಯಾವುದೋ ದೇಶದಲ್ಲಿ ನಾಡಹಾಡುಗಳ ಮೇಳ ಇದೆ, ಹಾಡುವವರು ಬೇಕು ಎಂದು ಮುಂಬಯಿಯಿಂದ ಬಂದ ಇಬ್ಬರು ಗಜೇಂದ್ರಗಡದಲ್ಲಿ ಕಾಕಾನ ಹಾಡಿಕೆ ಕೇಳಿದರು. ಅವರಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಆದರೂ ಒಬ್ಬರು ಕನ್ನಡಕ ತೆಗೆದು ಕಣ್ಣು ಒರಸಿಕೊಂಡರು. ಕಾಕಾ ನನ್ನ ಕಡೆ ತಿರುಗಿ ಮೀಸೆಯಲ್ಲೇ ನಕ್ಕ. ನನಗೆ ಅವತ್ತಿನಿಂದಲೇ ಹೊಟ್ಟೆ ಕೆಟ್ಟಿತು.

ಹಡಗು, ಆಮೇಲೆ ರೈಲು

ನಮ್ಮ ಮೇಳದ ಮೂರನೆಯವನನ್ನು ಮುಂಬಯಿ ಬಂದರದ ಡಾಕ್ಟರು ಕಣ್ಣಿನ ರೆಪ್ಪೆ ಮಗುಚಿ ನೋಡಿ ಕಣ್ಣುಬೇನೆ ಎಂದು ಹಿಂದಕ್ಕೆ ಕಳಿಸಿದರು. ಉಳಿದದ್ದು ಕಾಕಾ, ನಾನು. ಹಡಗಿನಲ್ಲಿ ನಾನು ತಿಂದದ್ದಕ್ಕಿಂತ ಹೊರಗೆ ಹಾಕಿದ್ದೇ ಹೆಚ್ಚು. ಕಾಕಾ ಮಾತ್ರ ನೀರು ನೋಡುತ್ತ ಸುಮ್ಮನೆ ಕೂಡುತ್ತಿದ್ದ. ಅವನು ನೀರು ನೋಡುತ್ತ ಕೂತರೆ ನಾನು ಮಾತಾಡಿಸುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಅವನು ಕೊಣ್ಣೂರಿನ ಆಚೆ ಹಾಡಿಕೆಗೆ ಹೋಗಿದ್ದಾಗ ಇತ್ತ ರಾಜೂರಿನಲ್ಲಿ ಅವನ ತಾಯಿ ತೀರಿಕೊಂಡಳು. ಮಲಪ್ರಭೆ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಹೊಳೆ ಇಳಿದ ಮೇಲೆ ಅವನು ಬರುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿ ಮುಗಿದಿತ್ತು. ಹಡೆದವ್ವನ ಮಣ್ಣಿಗೆ ಹೋಗದ ಮಗ ಎಂದು ತನ್ನನ್ನು ತಾನೇ ಅಂದುಕೊಳ್ಳುತ್ತಾನೆ. ಬೇರೆ ಯಾರೂ ಅಂದಿಲ್ಲ.

ರೈಲು ಆ ದೇಶದ ಗಡಿಗೆ ಬಂದಾಗ ಹಸಿರು ಕೋಟಿನವರು ಹತ್ತಿ ನಮ್ಮ ಗಂಟು ಬಿಚ್ಚಿದರು. ಖಡಕ್ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಶೇಂಗಾ ಚಟ್ನಿಯ ಡಬ್ಬಿ ತೆಗೆದ ಕೂಡಲೇ ಇಬ್ಬರು ಹಿಂದೆ ಸರಿದರು. ಕೆಂಪು ಪುಡಿ ನೋಡಿ ಅವರಿಗೆ ಏನು ಅನ್ನಿಸಿತೋ, ಅವರ ಮುಖ್ಯಸ್ಥ ಬಂದ. ನಾನು ಬಾಯಿಗೆ ಹಾಕಿಕೊಂಡು ತೋರಿಸಿದೆ. ಆತ ನನ್ನನ್ನೇ ನೋಡುತ್ತ, ನಾನು ಸಾಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ತಾನೂ ಒಂದು ಚಿಮಟಿ ಹಾಕಿಕೊಂಡ. ಮುಖ ಕೆಂಪಾಗಿ ಕಣ್ಣಿಂದ ನೀರು ಬಂತು. ನಮ್ಮೂರಿನವರಾಗಿದ್ದರೆ ಪಕ್ಕದಲ್ಲಿದ್ದವರು ಬಿದ್ದು ಬಿದ್ದು ನಗುತ್ತಿದ್ದರು. ಅವನ ಕೈಕೆಳಗಿನವರಲ್ಲಿ ಒಬ್ಬನೂ ನಗಲಿಲ್ಲ. ಮೊದಲು ಅವನ ಮುಖ ನೋಡಿದರು. ಅವನು ನಕ್ಕ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು. ಚಟ್ನಿ ವಾಪಸು ಬಂತು, ಆದರೆ ಮುಂದಿನ ಸ್ಟೇಶನ್ನಿನವರೆಗೂ ನಾನು ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ರಾಜಧಾನಿ

ಸ್ಟೇಶನ್ನಿಗೆ ನಮ್ಮನ್ನು ಕರೆದೊಯ್ಯಲು ಬಂದವಳು ಹಿಂದಿ ಬಲ್ಲ ದುಭಾಷಿ. ಮೂವತ್ತೈದರ ಆಸುಪಾಸಿನವಳು, ಬೂದು ಕೋಟು, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿಯುವ ರೂಢಿ. ನಾನು ಅವಳನ್ನು ಅಕ್ಕಾವರ ಎಂದೆ, ಕಾಕಾ ತಂಗೀ ಎಂದ. ಅವಳ ಹಿಂದಿ ಪುಸ್ತಕದ್ದು, ನಮ್ಮದು ಹುಬ್ಬಳ್ಳಿ ಸಂತೆಯದು. ಹ್ಯಾಗೋ ಎರಡೂ ಕೂಡಿ ನಡೆದವು. ಇಲ್ಲಿ ಅವಳ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ.

ಊರು ಚೆಂದ. ರಸ್ತೆ ಎಷ್ಟು ಸ್ವಚ್ಛ ಎಂದರೆ ಉಗುಳಲು ಜಾಗ ಸಿಗದೆ ಕಾಕಾ ಎಲೆ ಅಡಿಕೆ ಬಿಟ್ಟ. ಆದರೆ ಎಲ್ಲಿ ನೋಡಿದರೂ ಒಂದೇ ಮುಖ. ಅಂಗಡಿಯ ಗೋಡೆಗೆ, ಟ್ರಾಮಿನ ಮೂತಿಗೆ, ಸಾಲಿಯ ಬಾಗಿಲಿಗೆ, ಕಡೆಗೆ ನಾವು ಉಣ್ಣುವ ಮೇಜಿನ ಎದುರಿಗೂ. ಅದು ಅವರ ನಾಯಕನ ಪಟ. ಮಂದಿ ಆತನನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಅಪ್ಪ' ಎನ್ನುತ್ತಾರೆ. ಗಜೇಂದ್ರಗಡದ ಬಜಾರದಲ್ಲೂ ಪಟಗಳಿವೆ, ಆದರೆ ಒಂದು ಅಂಗಡಿಯಲ್ಲಿ ಬಸವಣ್ಣ, ಇನ್ನೊಂದರಲ್ಲಿ ಯಲ್ಲಮ್ಮ, ಮಗ್ಗುಲಿಗೆ ಸೋಪಿನ ಕ್ಯಾಲೆಂಡರ್. ದೇವರಿಗೂ ಮಗ್ಗುಲಿಗೊಬ್ಬರು ಇರುತ್ತಾರೆ. ಈ ಮುಖ ಒಂಟಿಯಾಗಿತ್ತು.

ಹೋಟೆಲಿನ ಕೋಣೆಯಲ್ಲಿ ಗೋಡೆಗೆ ಕೂಡಿಸಿದ ಒಂದು ಪೆಟ್ಟಿಗೆ ಮಾತಾಡುತ್ತಿತ್ತು. ಗುಂಡಿ ತಿರುವಿದರೆ ದನಿ ಸಣ್ಣದಾಗುತ್ತಿತ್ತು, ನಿಲ್ಲುತ್ತಿರಲಿಲ್ಲ. ನಾನು ಹಿಂದೆ ಮುಂದೆ ತಡವಿ ನೋಡುತ್ತಿದ್ದಾಗ ಅಕ್ಕ ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದಳು.

"ಅದು ನಿಲ್ಲುವಂಥದ್ದಲ್ಲ. ರೂಢಿಯಾಗುತ್ತದೆ."

"ಏನ ಹೇಳಾಕತ್ತೇತ್ರಿ ಅದು?" ಎಂದೆ.

"ಅಪ್ಪನ ತಾಯಿಯ ಕಥೆ. ವಾರಕ್ಕೆರಡು ಸಲ ಬರುತ್ತದೆ."

ಕಾಕಾ ಹಾಸಿಗೆಯ ಮೇಲೆ ಎದ್ದು ಕೂತ. ಅಕ್ಕ ನಿಂತಲ್ಲೇ ತುಂಡು ತುಂಡಾಗಿ ಹೇಳಿದಳು. ನಾಯಕ ಚಿಕ್ಕ ವಯಸ್ಸಿನಲ್ಲಿ ವೈರಿಗಳ ಜೊತೆ ಕಾದಾಡುತ್ತಿದ್ದಾಗ ತಾಯಿ ಸಾಯುವುದಕ್ಕೆ ಬಿದ್ದಳಂತೆ. ಮನೆಗೆ ಬಾ ಎಂದು ಹೇಳಿ ಕಳಿಸಿದಳಂತೆ. ನಡುವೆ ನದಿ. ದಾಟಿದರೆ ಊರು ವೈರಿಗಳ ಪಾಲಾಗುತ್ತದೆ. ಆತ ದಂಡೆಯ ಮೇಲೆ ಮೊಣಕಾಲೂರಿ, ನನಗೆ ಒಬ್ಬ ತಾಯಿ ಹೋದಳು, ಈ ನಾಡಿನ ತಾಯಂದಿರೆಲ್ಲ ಇನ್ನು ನನಗೆ ತಾಯಿ ಎಂದನಂತೆ. ಪೆಟ್ಟಿಗೆಯಲ್ಲಿ ಪಿಟೀಲು ಅಳುತ್ತಿತ್ತು. ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನ ಬೆನ್ನು ಅಲುಗುತ್ತಿದ್ದುದನ್ನು ನಾನೂ ನೋಡಿದೆ, ಅಕ್ಕನೂ ನೋಡಿದಳು.

ಮೈದಾನ

ನಾಡಹಾಡಿನ ಮೇಳಕ್ಕೆ ಬಂದವರನ್ನೆಲ್ಲ ಒಂದು ಬೆಳಿಗ್ಗೆ ದೊಡ್ಡ ಮೈದಾನಕ್ಕೆ ಒಯ್ದರು. ನಾಯಕನ ಭಾಷಣ. ನಮ್ಮಂಥ ಅತಿಥಿಗಳಿಗೆ ಮೆಟ್ಟಿಲುಸಾಲಿನ ಮೇಲೆ ಜಾಗ, ಕೆಳಗೆ ಕಣ್ಣು ಹಾಯುವಷ್ಟು ದೂರ ಜನ. ನಾನು ಇಷ್ಟು ಜನರನ್ನು ಇಷ್ಟು ಸದ್ದಿಲ್ಲದೆ ಎಂದೂ ನೋಡಿಲ್ಲ. ನಮ್ಮಲ್ಲಿ ಇದರ ನೂರನೆಯ ಪಾಲು ಜನ ಸೇರಿದರೆ ಶೇಂಗಾ ಮಾರುವವ ಬರುತ್ತಾನೆ, ಮಕ್ಕಳು ಕಳೆಯುತ್ತವೆ, ಎರಡು ಜಗಳವಾಗುತ್ತವೆ. ಇಲ್ಲಿ ಮಕ್ಕಳು ಕೂಡ ಸುಮ್ಮನೆ ನಿಂತಿದ್ದವು. ನನಗೆ ಮೂತ್ರಕ್ಕೆ ಹೋಗಬೇಕಾಗಿತ್ತು. ಎದ್ದರೆ ಏನಾಗುತ್ತದೋ ಎಂದು ಕೂತೇ ಇದ್ದೆ.

ನಾಯಕ ಬಂದ. ಗಿಡ್ಡ ಮನುಷ್ಯ. ಮಾತು ಸಣ್ಣ ದನಿಯಲ್ಲಿ ಸುರುವಾಯಿತು, ಮನೆಯವರ ಜೊತೆ ಮಾತಾಡಿದಂತೆ. ಅಕ್ಕ ಕಿವಿಯಲ್ಲಿ ಹೇಳುತ್ತಿದ್ದಳು. ಮೊದಲು ವೈರಿಗಳ ಸುದ್ದಿ. ಅವರು ಗಡಿಯಾಚೆ ಇದ್ದಾರೆ, ನಿಮ್ಮ ಓಣಿಯಲ್ಲೂ ಇರಬಹುದು, ನಿಮ್ಮ ಮೇಜಿನಲ್ಲಿ ಕೂತು ಉಣ್ಣುತ್ತಿರಬಹುದು. ಕೆಳಗೆ ಜನ ಒಬ್ಬರಿಗೊಬ್ಬರು ಸ್ವಲ್ಪ ಸರಿದು ನಿಂತಂತೆ ನನಗೆ ಕಂಡಿತು. ಎಲ್ಲರನ್ನೂ ಚೆನ್ನಾಗಿ ಹೆದರಿಸಿ ಆದಮೇಲೆ ತಾಯಿ ಬಂದಳು, ನದಿ ಬಂತು. ದನಿ ನಡುಗಿತು. ಹೆಂಗಸರು ಅಳತೊಡಗಿದರು.

"ಏನ್ ಕಲಾಕಾರಪಾ ಇಂವ," ಎಂದ ಕಾಕಾ ನನ್ನ ತೊಡೆ ಹಿಡಿದು. "ಎಲ್ಲೆ ಇಳಸಬೇಕು, ಎಲ್ಲೆ ಏರಸಬೇಕು, ಗೊತ್ತೈತಿ ನೋಡು."

ನಾಯಕ ದನಿಯನ್ನು ಏರಿಸುತ್ತ ಏರಿಸುತ್ತ ಹೋದ. ಭಾಷೆ ತಿಳಿಯದಿದ್ದರೂ ಸಾಲು ಎಲ್ಲಿ ಮುಗಿಯುತ್ತದೆ ಎಂದು ನನಗೆ ತಿಳಿಯುತ್ತಿತ್ತು. ತುಟ್ಟತುದಿಗೆ ಒಯ್ದು, ಅಲ್ಲಿ ನಿಲ್ಲಿಸಿ, ಉಸಿರು ಎಳೆದುಕೊಂಡ. ಮೈದಾನವೆಲ್ಲ ಗಪ್ಪಾಯಿತು.

"ಗೀ... ಗೀ ಗೀ ಗೀ," ಎಂದೆ ನಾನು.

ಎಂದೆ ಎನ್ನುವುದೂ ತಪ್ಪು, ಅದು ತಾನೇ ಬಂತು. ಸಣ್ಣಗೂ ಬರಲಿಲ್ಲ, ಮೈಕು ಇಲ್ಲದೆ ಸಂತೆಗೆ ಕೇಳಿಸಿ ರೂಢಿಯಾದ ದನಿ. ಅಕ್ಕನ ಉಗುರು ನನ್ನ ಮುಂಗೈಯಲ್ಲಿ ಇಳಿಯಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಮೇಲೆ ಕಾವಲಿಗೆ ನಿಂತಿದ್ದ ಕೋಟಿನವರಿಬ್ಬರು ನನ್ನ ಕಡೆ ಮೆಟ್ಟಿಲು ಇಳಿಯತೊಡಗಿದರು. ನನಗೆ ಹೆಂಡತಿ ಮಕ್ಕಳು, ರೋಣದ ಸ್ಟ್ಯಾಂಡು, ದವಾಖಾನೆಯ ಬೆಂಚು ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಮುಗೀತು ಎಂದುಕೊಂಡೆ.

ಅಷ್ಟರಲ್ಲಿ ನಾಯಕ ಈ ಕಡೆ ನೋಡಿ, ಎದೆಯ ಮೇಲೆ ಕೈ ಇಟ್ಟು, ತಲೆ ಬಾಗಿದ. ಬಾಗಿದ್ದೇ ತಡ, ಆ ಕೋಟಿನವರು ಚಪ್ಪಾಳೆ ತಟ್ಟಿದರು. ಮೆಟ್ಟಿಲು ತಟ್ಟಿತು. ಮೈದಾನ ತಟ್ಟಿತು. ಚಪ್ಪಾಳೆ ನಿಲ್ಲುತ್ತಿರಲಿಲ್ಲ, ಮೊದಲು ನಿಲ್ಲಿಸುವವರು ಯಾರು ಎಂದು ಎಲ್ಲರೂ ಎಲ್ಲರನ್ನೂ ನೋಡುತ್ತಿದ್ದರು. ನನ್ನ ಅಂಗೈ ಉರಿಯುತ್ತಿತ್ತು, ನಾನೂ ತಟ್ಟುತ್ತಿದ್ದೆ. ಆತ ಮುಂದಿನ ಸಾಲು ಹೇಳಿ ನಿಂತಾಗ ಕೋಟಿನವ ನನ್ನ ಭುಜ ಮುಟ್ಟಿದ. ನಾನು ಮತ್ತೆ ಗೀ ಎಂದೆ. ಹೀಗೆ ಮುಗಿಯುವ ತನಕ. ಕಡೆ ಕಡೆಗೆ ನನಗೇ ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ಇವತ್ತಿಗೂ ಹೇಳಲಾರೆ. ಜ್ವರದ ಮನೆಗೆ ಔಷಧಿ ಕೊಡಲು ಹೋದವನಿಗೆ ಜ್ವರ ಬಂದಂತೆ.

ಮರುದಿನ ಪತ್ರಿಕೆಯಲ್ಲಿ ನನ್ನ ಬಾಯಿ ತೆರೆದ ಫೋಟೋ. ಕೆಳಗೆ ಬರೆದದ್ದನ್ನು ಅಕ್ಕ ಓದಿದಳು: 'ಅಪ್ಪನ ಮಾತು ಕೇಳಿ ದೂರದ ಹಿಂದೂಸ್ತಾನದ ಹಾಡುಗಾರ ಆನಂದಬಾಷ್ಪ ಸುರಿಸಿದ.' ಮೂತ್ರ ಕಟ್ಟಿ ಕೂತವನ ಮುಖ ಆನಂದದ್ದು ಎಂದು ಅವರಿಗೆ ಹ್ಯಾಗೆ ಕಂಡಿತೋ.

ತೋಟದಲ್ಲಿ

ಅದೇ ಮಧ್ಯಾಹ್ನ ಒಬ್ಬ ಅಧಿಕಾರಿ ಹೋಟೆಲಿಗೆ ಬಂದ. ನಗುಮುಖದ ಸಭ್ಯ ಮನುಷ್ಯ, ನಮಗೆ ದ್ರಾಕ್ಷಿ ತಂದಿದ್ದ. ನಾಳೆ ರೇಡಿಯೋದಲ್ಲಿ ಅಪ್ಪನ ಮೇಲೆ ನಿಮ್ಮ ಭಾಷೆಯಲ್ಲೇ ಒಂದು ಹಾಡು ಹಾಡಬೇಕು, ಅರ್ಥವನ್ನು ನೀವು ಹಿಂದಿಯಲ್ಲಿ ಹೇಳಿದರೆ ಈ ಮಹಿಳೆ ನಮಗೆ ಬರೆದುಕೊಡುತ್ತಾಳೆ ಎಂದ. ಆಗಲ್ಲ ಎಂದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅಕ್ಕ ಅದನ್ನು ಅವನಿಗೆ ಹೇಳಲೇ ಇಲ್ಲ. ಬೇರೇನೋ ಹೇಳಿದಳು, ಅವನು ಕೈಕುಲುಕಿ ಹೋದ.

ಆಮೇಲೆ ಅವಳು ನಮ್ಮನ್ನು ತಿರುಗಾಡಲು ಎಂದು ಒಂದು ತೋಟಕ್ಕೆ ಕರೆದೊಯ್ದಳು. ರೇಡಿಯೋದ ಬಾಯಿ ಕಟ್ಟಿದ ಕಂಬಗಳಿಂದ ದೂರ, ಕಾರಂಜಿಯ ಸದ್ದಿನ ಹತ್ತಿರ ಕೂಡಿಸಿದಳು. ನಮ್ಮ ಮುಖ ನೋಡದೆ, ಕೈಚೀಲ ಹಿಡಿದುಕೊಂಡು ಮಾತಾಡಿದಳು.

"ನನ್ನ ಗಂಡ ಸಾಲಿಯಲ್ಲಿ ಪಾಠ ಹೇಳುತ್ತಿದ್ದ. ಹೋದ ವರ್ಷ ಕರೆದುಕೊಂಡು ಹೋದರು. ಎಲ್ಲಿದ್ದಾನೆ ಗೊತ್ತಿಲ್ಲ. ನೀವು ಹಾಡುವುದಿಲ್ಲ ಎಂದರೆ, ಇವಳು ಪರದೇಶದವರ ಮನಸ್ಸು ಕೆಡಿಸಿದಳು ಎನ್ನುತ್ತಾರೆ. ಆಮೇಲೆ ನಾನೂ ಇರುವುದಿಲ್ಲ. ನನಗೆ ಎಂಟು ವರ್ಷದ ಮಗಳಿದ್ದಾಳೆ."

ಎಲ್ಲ ನನ್ನ ಒಂದು ಗೀ ತಂದ ಫಜೀತಿ.

"ಯಾಕ ಒಯ್ದರು ಅವರನ್ನ?" ಎಂದ ಕಾಕಾ.

"ತಾಯಿಯ ಕಥೆಗೆ. ನಾನು ಸಾಲಿ ಕಲಿಯುವಾಗ ಪುಸ್ತಕದಲ್ಲಿ ಅಪ್ಪ ತಾಯಿಯ ಹಾಸಿಗೆಯ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದರು. ನದಿ ಇರಲಿಲ್ಲ. ನನ್ನ ತಂಗಿಯ ಪುಸ್ತಕದಲ್ಲಿ ನದಿ ಬಂತು. ಮಕ್ಕಳಲ್ಲಿ ಯಾರೋ ಮನೆಯ ಹಳೆಯ ಪುಸ್ತಕ ನೋಡಿ ಯಾವುದು ನಿಜ ಎಂದು ಕೇಳಿದರು. ನನ್ನ ಗಂಡ, ಹಳೆಯದು ಎಂದ."

ಕಾಕಾ ಕಾರಂಜಿಯ ನೀರು ನೋಡಿದ. "ಆದ್ರ ಮಂದಿ ಅಳತಾರಲ್ಲ ತಂಗಿ. ಅಳು ಸುಳ್ಳಲ್ಲ. ನಿನ್ನಿ ನಾ ನೋಡೇನಿ."

"ಸುಳ್ಳಲ್ಲ," ಎಂದಳು ಅವಳು. "ಗಂಡನನ್ನು ಒಯ್ದ ಮರುವಾರ ನಾನು ಅದೇ ಮೈದಾನದಲ್ಲಿ ನಿಂತಿದ್ದೆ. ನದಿಯ ಕಥೆ ಬಂತು. ನಾನೂ ಅತ್ತೆ. ಯಾರೋ ನೋಡುತ್ತಾರೆ ಎಂದು ಅಲ್ಲ, ನಿಜವಾಗಿಯೇ ಅಳು ಬಂತು. ನನ್ನ ತಾಯಿ ನೆನಪಾದಳು. ಆ ಅಳು ನಿಂತ ಮೇಲೆ ಅಪ್ಪನ ಮೇಲೆ ಸಿಟ್ಟಾಗಲು ಆಗಲಿಲ್ಲ. ನನ್ನ ಗಂಡನ ಮೇಲೆ ಸಿಟ್ಟು ಬಂತು, ಸುಮ್ಮನೆ ಇರಬಾರದಾಗಿತ್ತೇ ಎಂದು. ಅದನ್ನು ನಾನು ಯಾರಿಗೂ ಹೇಳಿಲ್ಲ."

ಅವಳು ಎದ್ದು ನಡೆದಳು. ನಾವು ಹಿಂದೆ ನಡೆದೆವು. ದಾರಿಯಲ್ಲಿ ಕಾಕಾ ನನಗೆ ಹೇಳಿದ, "ಹಾಡಬೇಕೋ ಕಂಪೌಂಡರ. ಆ ಹೆಣ್ಣಮಗಳ ಸಲುವಾಗಿ ಹಾಡಬೇಕು." ಹೌದು ಎಂದೆ. ಆದರೆ ಅವನ ತುಟಿ ಆಗಲೇ ಸಾಲು ಕಟ್ಟುತ್ತಿತ್ತು, ಬೆರಳು ಕೋಟಿನ ಮೇಲೆ ತಾಳ ಹಾಕುತ್ತಿತ್ತು. ಬಲವಂತಕ್ಕೆ ಹಾಡುವವನ ಮುಖವಲ್ಲ ಅದು. ಚಲೋ ಪದ ಸಿಕ್ಕ ಹಾಡುಗಾರನ ಮುಖ. ನನಗೆ ಇನ್ನೊಂದು ಹೊಸ ಅಂಜಿಕೆ ಹುಟ್ಟಿತು.

ರೇಡಿಯೋ ಮನೆ

ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ ಕೋಣೆ, ಸದ್ದು ಬಾಯಿಂದ ಬಿದ್ದಲ್ಲೇ ಸಾಯುತ್ತಿತ್ತು. ಗಾಜಿನ ಆಚೆ ಅಧಿಕಾರಿಗಳು, ಅವರ ಮಗ್ಗುಲಿಗೆ ಅಕ್ಕ. ಕಾಕಾ ದಪ್ಪನ್ನು ಬೆಂಕಿಗೆ ಕಾಯಿಸಬೇಕು ಎಂದ. ಬೆಂಕಿ ಎಂದರೆ ಅವರು ಗಾಬರಿಯಾದರು. ಕಡೆಗೆ ಒಂದು ವಿದ್ಯುತ್ ಒಲೆ ತಂದರು. ಇಬ್ಬರು ಸಿಪಾಯಿಗಳು ಕಾವಲು ನಿಂತು ದಪ್ಪು ಕಾಯುವುದನ್ನು ನೋಡಿದರು.

ಕಾಕಾ ಎತ್ತಿದ:

ಹಡೆದವ್ವ ಕರದಾಳ ಹೊಳಿ ದಂಡಿ ಆಚೀಗಿ,
ಮಗ ಹೋಗಲಿಲ್ಲ, ನಾಡ ಕಾಯಾಕ ಪಣ ತೊಟ್ಟ;
ಎಲ್ಲಾರ ಅವ್ವಂದಿರ ಕಣ್ಣೀರ ಒರಸಿದ
ತನ್ನವ್ವನ ಮಣ್ಣಿಗೆ ಬರದಂಥ ದಿಟ್ಟ.

ಅವನು ಹಾಗೆ ಹಾಡಿದ್ದನ್ನು ನಾನು ಮುಂಚೆ ಕೇಳಿರಲಿಲ್ಲ, ಆಮೇಲೆ ಒಂದೇ ಸಲ ಕೇಳಿದೆ. ಮಲಪ್ರಭೆಯ ದಂಡೆಯಲ್ಲಿ ಕೂತು ಅಳಲಾರದ್ದನ್ನೆಲ್ಲ ಆ ಗಿಡ್ಡ ಮನುಷ್ಯನ ಹೆಸರಿನ ಮೇಲೆ ಸುರಿದುಬಿಟ್ಟ. ಮಣ್ಣಿಗೆ ಹೋಗದ ಮಗ ಎಂಬ ಅವಮಾನ ಆ ಪದದಲ್ಲಿ ದಿಟ್ಟತನವಾಯಿತು. ತನಗೆ ತಾನೇ ಕೊಡಲಾರದ ಮಾಫಿಯನ್ನು ನಾಯಕನಿಗೆ ಕೊಟ್ಟ, ಅವನಿಂದ ತಾನೂ ಅಷ್ಟು ಇಸಿದುಕೊಂಡ. ನನಗೆ ಎಲ್ಲ ತಿಳಿಯುತ್ತಿತ್ತು. ತಿಳಿದೂ ಪ್ರತಿ ಸಾಲಿಗೆ ಗೀ ಎಂದೆ, ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಎಂದೆ. ಗಾಜಿನ ಆಚೆ ಅಧಿಕಾರಿಗಳು ಅಳುತ್ತಿದ್ದರು. ಕಾಕಾ ಮೊದಲೇ ಹೇಳಿದ್ದ ಅರ್ಥವನ್ನು ಬರೆಯುತ್ತಿದ್ದ ಅಕ್ಕ ಕೈ ನಿಲ್ಲಿಸಿ ಅಳುತ್ತಿದ್ದಳು.

ಸಂಜೆಗೆ ಊರಿನ ಕಂಬ ಕಂಬದಿಂದ ನಮ್ಮ ಹಾಡು. ಟ್ರಾಮಿಗೆ ನಿಂತವರು ಟೊಪ್ಪಿಗೆ ತೆಗೆದು ಕೇಳುತ್ತಿದ್ದರು. ಕಾಕಾ ರಸ್ತೆಯ ನಡುವೆ ನಿಂತುಬಿಟ್ಟ.

"ಇಷ್ಟ ಮಂದಿಗೆ ನನ್ನ ದನಿ ಎಂದೂ ಮುಟ್ಟಿಲ್ಲೋ ತಮ್ಮಾ," ಎಂದ. ಕಂಬದ ಬಾಯನ್ನೇ ನೋಡುತ್ತಿದ್ದ.

ಸ್ಟೇಶನ್

ಅಕ್ಕನಿಗೆ ಏನೂ ಆಗಲಿಲ್ಲ. ಬದಲಿಗೆ ಅವಳನ್ನು ಮೆಚ್ಚಿಕೊಂಡರಂತೆ. ನಾವು ಹೊರಡುವ ದಿನ ಮಗಳನ್ನು ಕರೆದುಕೊಂಡು ಸ್ಟೇಶನ್ನಿಗೆ ಬಂದಳು. ಹುಡುಗಿ ಕಾಕಾನ ರುಮಾಲು ಮುಟ್ಟಿ ನೋಡಿ, ತನಗೆ ಅರ್ಥವಾಗದ ನಮ್ಮ ಪದದ ಎರಡು ಸಾಲನ್ನು ಕಂಬದಿಂದ ಕೇಳಿ ಕಲಿತಿದ್ದಳು, ಹಾಡಿ ತೋರಿಸಿದಳು. 'ಮಣ್ಣಿಗೆ ಬರದಂಥ ದಿಟ್ಟ' ಎಂದು ಆ ಕೂಸಿನ ಬಾಯಲ್ಲಿ ಕೇಳಿ ನಾನು ಗಂಟು ಎತ್ತಿಕೊಂಡು ರೈಲು ಹತ್ತಿದೆ.

ರೈಲು ಸೀಟಿ ಹಾಕಿದಾಗ ಅಕ್ಕ ಕಿಟಕಿಯ ಹತ್ತಿರ ಬಂದಳು.

"ನೀವು ನನ್ನನ್ನು ಉಳಿಸಿದಿರಿ. ಆದರೆ ಭಾಳ ಚೆನ್ನಾಗಿ ಹಾಡಿದಿರಿ ಕಾಕಾ. ಒಂದು ಮಾತು ಕೊಡಿ. ನಿಮ್ಮ ಊರಿನಲ್ಲಿ ಈ ಹಾಡು ಹಾಡಬೇಡಿ."

ಕಾಕಾ ನಕ್ಕ. "ನಮ್ಮೂರಾಗ ಇದನ್ನ ಯಾರ ಕೇಳತಾರ ತಂಗಿ? ನಮ್ಮ ಮಂದಿ ಎಂಥವರಂತ ನಿನಗ ಗೊತ್ತಿಲ್ಲ. ದೇವರದೂ ತಪ್ಪ ಹುಡಕಿ ಹೆಸರಿಡಾವ್ರು."

ಮಾತು ಕೊಟ್ಟ ಎಂದು ನಾನು ತಿಳಿದೆ. ಈಗ ನೆನೆಸಿದರೆ, ಅವನು ನಕ್ಕದ್ದು ಅಷ್ಟೇ.

ರೋಣ

ಊರಿಗೆ ಬಂದು ರೊಟ್ಟಿ ತಿಂದ ಮೇಲೆ ನನ್ನ ಹೊಟ್ಟೆ ಸರಿಯಾಯಿತು. ಕನ್ನಡ ನಾಡು ಒಂದಾಯಿತು, ಸ್ವಲ್ಪ ದಿನಕ್ಕೆ ಚುನಾವಣೆ ಬಂತು. ನಮ್ಮ ಭಾಗದ ಒಬ್ಬ ಸಾಹುಕಾರರು ನಿಂತರು. ಕೆಟ್ಟವರಲ್ಲ; ಹತ್ತಿ ವ್ಯಾಪಾರದವರು, ನಾಲ್ಕು ಜನರಿಗೆ ಬೇಕಾದವರು. ಊರು ಬೆಳವಣಕಿ. ಅವರ ಸಭೆಗಳಿಗೆ ಜನ ಸೇರುತ್ತಿರಲಿಲ್ಲ, ಸೇರಿದವರು ಆಕಳಿಸುತ್ತಿದ್ದರು. ಯಾರೋ ಅವರಿಗೆ ಫಕೀರಪ್ಪನ ಹೆಸರು ಹೇಳಿದರು. ರೋಣದ ಸಂತೆಯ ದಿನ ಮೈಕು ಕಟ್ಟಿಸಿ ಹಾಡಿಕೆ ಇಡಿಸಿದರು.

ಸ್ಟೇಜು ಹತ್ತುವ ಮುಂಚೆ ಕಾಕಾ ಮೈಕನ್ನು ಒಮ್ಮೆ ಕೈಯಿಂದ ಸವರಿದ. ನಾನು, "ಕಾಕಾ, ಆ ಪದಾ ಬ್ಯಾಡ್ರಿ," ಎಂದೆ.

"ಯಾವ ಪದಾ?" ಎಂದ ನನ್ನ ಕಡೆ ನೋಡದೆ.

ಒಂದೆರಡು ಪದ ಆದವು. ಜನ ಶೇಂಗಾ ಸುಲಿಯುತ್ತಿದ್ದರು, ಹಿಂದೆ ಯಾರೋ ಎತ್ತಿನ ರೇಟಿನ ಜಗಳದಲ್ಲಿದ್ದರು. ಕಾಕಾ ದಪ್ಪು ಕಾಯಿಸಿದ. ಆಮೇಲೆ ಹೊಳಿ ದಂಡಿ ಆಚೀಗಿ ಹಡೆದವ್ವ ಕರೆದಳು. ಹೆಸರಷ್ಟೇ ಬದಲು; ನಾಯಕನ ಜಾಗದಲ್ಲಿ ಸಾಹುಕಾರರು ಸರಿಯಾಗಿ ಕೂತರು. ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಬೇಕಾಗಿ ಬರಲಿಲ್ಲ.

ಈಗ ನಿಮಗೆ ಒಂದು ಸಂಗತಿ ಹೇಳಬೇಕು. ಆ ಸಾಹುಕಾರರ ತಾಯಿ ಬದುಕಿದ್ದಾರೆ. ಮೊಣಕಾಲು ನೋವಿಗೆ ಎಣ್ಣೆ ಒಯ್ಯಲು ಸಂತೆಗೊಮ್ಮೆ ನಮ್ಮ ದವಾಖಾನೆಗೆ ಬರುತ್ತಾರೆ. ಅವತ್ತು ಬೆಳಿಗ್ಗೆ ನಾನೇ ಬಾಟಲಿಗೆ ಬೂಚು ಹಾಕಿ ಕೊಟ್ಟಿದ್ದೆ. ಬೆಳವಣಕಿಯಿಂದ ರೋಣಕ್ಕೆ ಬರುವ ದಾರಿಯಲ್ಲಿ ಹೊಳೆಯೇ ಇಲ್ಲ. ಇದು ನನಗೊಬ್ಬನಿಗೆ ತಿಳಿದ ಗುಟ್ಟಲ್ಲ, ಅಲ್ಲಿ ಕೂತವರಲ್ಲಿ ಅರ್ಧ ಜನರಿಗೆ ಗೊತ್ತು.

ನಾನು ಜನರನ್ನು ನೋಡಿದೆ. ಶೇಂಗಾ ಸುಲಿಯುವ ಕೈ ನಿಂತಿದ್ದವು. ಎತ್ತಿನ ಜಗಳ ನಿಂತಿತ್ತು. ಬೆಳವಣಕಿಯ ಹೆಂಗಸರು ಸೆರಗಿನಿಂದ ಕಣ್ಣು ಒರಸಿಕೊಳ್ಳುತ್ತಿದ್ದರು. ಸಾಹುಕಾರರು ಕುರ್ಚಿಯಲ್ಲಿ ಕೂತು ಮೊದಲು ಪಿಳಿಪಿಳಿ ನೋಡುತ್ತಿದ್ದವರು, ಆಮೇಲೆ ತಲೆ ತಗ್ಗಿಸಿ ತಾವೂ ಕಣ್ಣು ಒರಸಿಕೊಂಡರು. ಅವರ ಕೈ ಮೆಲ್ಲಗೆ ಎದ್ದು ಎದೆಯ ಮೇಲೆ ಬಂತು.

ಅಲ್ಲಿ ಒಬ್ಬ ಹೆಣ್ಣುಮಗಳ ಜೀವ ಉಳಿಸಬೇಕಾಗಿತ್ತು. ಇಲ್ಲಿ ಯಾರನ್ನು ಉಳಿಸಲಿ? ಕಾಕಾ ಪದವನ್ನು ತುದಿಗೆ ಒಯ್ದು, 'ಬರದಂಥ ದಿಟ್ಟ' ಎಂದು ನಿಲ್ಲಿಸಿ, ಉಸಿರು ಎಳೆದುಕೊಂಡ. ನನ್ನ ಗಂಟಲಿಗೆ ಗೀ ಬಂದು ನಿಂತಿತು. ನಾನು ಹಲ್ಲು ಕಚ್ಚಿ, ತುಂತುಣಿಯ ತಂತಿಯ ಮೇಲೆ ಅಂಗೈ ಒತ್ತಿ ಹಿಡಿದೆ. ಜೀವಮಾನದಲ್ಲಿ ಮೊದಲ ಸಲ ಅವನ ಉಸಿರನ್ನು ನೆಲಕ್ಕೆ ಬೀಳಲು ಬಿಟ್ಟೆ. ಕಾಕಾ ತಿರುಗಿ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. ನನಗೆ ಒಂದು ಗಳಿಗೆ, ಗೆದ್ದೆ ಎನ್ನಿಸಿತು. ಅಕ್ಕನ ಮಾತು ನಡೆಸಿಕೊಟ್ಟೆ ಎಂದುಕೊಂಡೆ.

ಆದರೆ ಇದು ಗೀಗೀ ಪದ ಕೇಳಿ ಬೆಳೆದ ನಾಡು. ಹಿಂದಿನ ಸಾಲಿನಿಂದ ಒಬ್ಬ ಮುದುಕ ಎತ್ತಿ ಹಿಡಿದ, "ಗೀ..." ಎಂದು. ಮಗ್ಗುಲಿನವರು ಕೂಡಿದರು. ಎತ್ತು ಮಾರುವವರು, ಶೇಂಗಾ ಮಾರುವವನು, ಬೆಳವಣಕಿಯ ಹೆಂಗಸರು, ಎಲ್ಲರೂ ಕೂಡಿ, ಸಂತೆಗೆ ಸಂತೆಯೇ ಗೀ ಗೀ ಗೀ ಎಂದಿತು.

ಅಂಗೈ ತೆಗೆದು ನೋಡಿಕೊಂಡೆ. ತಂತಿಯ ಗುರುತು ಮೂಡಿತ್ತು. ಕಾಕಾ ಮುಂದಿನ ಸಾಲು ಎತ್ತಿಯಾಗಿತ್ತು.